ಬಿಲ್ಲೆಯ ಮೇಲಿನ ಅಂಕಿ, ಫೋಟೊದ ಕೆಳಗಿನ ಹೆಸರು

1930ರ ದಶಕದ ಮಾತು. ಕೆನಡಾದ ಉತ್ತರದ ಬಾಫಿನ್ ದ್ವೀಪದಲ್ಲಿ ಒಬ್ಬ ಬಿಳಿಯನಿಗೆ ಹಿಮಕರಡಿಯ ಫೋಟೊ ಬೇಕಾಗಿತ್ತು. ಕ್ಯಾಮೆರಾ ಅವನದೇ, ಕರಡಿಯೂ ಸಿಕ್ಕಿತ್ತು. ಹತ್ತಿರ ಹೋಗುವ ಧೈರ್ಯವೊಂದು ಇರಲಿಲ್ಲ. ಹಾಗಾಗಿ ಆ ಕೆಲಸ ಅಲ್ಲಿನ ಒಬ್ಬ ಬೇಟೆಗಾರನ ಪಾಲಿಗೆ ಬಂತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಹೆಜ್ಜೆಯ ತನಕ ಹೋದರೆ ಕರಡಿ ತಲೆ ಎತ್ತುತ್ತದೆ ಎಂಬುದೆಲ್ಲ ಬೇಟೆಗಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂದೂಕಿನ ಬದಲು ಕೈಯಲ್ಲಿ ಕ್ಯಾಮೆರಾ ಇತ್ತು, ಅಷ್ಟೇ ವ್ಯತ್ಯಾಸ. ಅದು ಅವರು ತೆಗೆದ ಮೊದಲ ಫೋಟೊ.

ಅವರ ಹೆಸರು ಪೀಟರ್ ಪಿಟ್ಸಿಯೊಲಾಕ್. ಹುಟ್ಟಿದ್ದು 1902ರಲ್ಲಿ, ಹಡ್ಸನ್ ಜಲಸಂಧಿಯ ನಾಟಿಂಗ್‌ಹ್ಯಾಮ್ ದ್ವೀಪದಲ್ಲಿ. ಬಾಳಿದ್ದು ಬಾಫಿನ್ ದ್ವೀಪದ ನೈಋತ್ಯ ಮೂಲೆಯ ಕೇಪ್ ಡಾರ್ಸೆಟ್ ಸುತ್ತಮುತ್ತ. 1973ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಪುಸ್ತಕಗಳು ‘ಎಸ್ಕಿಮೊ’ ಎಂದು ಹೇಳಿಕೊಟ್ಟ ಜನ ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು, ಒಬ್ಬರಾದರೆ ಇನುಕ್. ಪಿಟ್ಸಿಯೊಲಾಕ್ ಎಂದರೆ ಅಲ್ಲಿನ ಒಂದು ಕಪ್ಪು ಕಡಲಹಕ್ಕಿ. ‘ಪೀಟರ್’ ಎನ್ನುವುದು ಕ್ರೈಸ್ತ ಹೆಸರು, ಅದರ ಹಿಂದೆ ಚರ್ಚಿದೆ.

ತಮಾಷೆಯೆಂದರೆ ಅದೇ ನಾಟಿಂಗ್‌ಹ್ಯಾಮ್ ದ್ವೀಪದಲ್ಲಿ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಇನ್ನೊಬ್ಬ ಪಿಟ್ಸಿಯೊಲಾಕ್ ಹುಟ್ಟಿದ್ದರು. ಆಕೆ ಹೆಣ್ಣು. ಮುಂದೆ ಕೇಪ್ ಡಾರ್ಸೆಟ್‌ನ ಬಹು ದೊಡ್ಡ ಚಿತ್ರಕಲಾವಿದೆಯಾದ ಪಿಟ್ಸಿಯೊಲಾಕ್ ಅಶೂನಾ. ಕಲಾ ಇತಿಹಾಸದ ಪುಸ್ತಕಗಳಲ್ಲಿ ಇವರಿಬ್ಬರನ್ನು ಗಂಟು ಹಾಕಿಕೊಂಡು ನಾನು ಒಂದು ವಾರ ಒದ್ದಾಡಿದ್ದೇನೆ. ಆಮೇಲೆ ತಿಳಿಯಿತು, ಇನುಯಿಟ್ ಹೆಸರಿಗೆ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಹೆಸರು ಬರುವುದು ತೀರಿಹೋದವರಿಂದ. ಈಚೆಗೆ ಸತ್ತ ಹಿರಿಯರೊಬ್ಬರ ಹೆಸರನ್ನು ಹುಟ್ಟಿದ ಮಗುವಿಗೆ ಇಟ್ಟರೆ ಆ ಹಿರಿಯರ ಏನೋ ಒಂದು ಅಂಶ ಮಗುವಿನಲ್ಲಿ ಮುಂದುವರಿಯುತ್ತದೆ ಎಂಬ ನಂಬಿಕೆ. ತನ್ನ ತಂದೆಯ ಹೆಸರಿಟ್ಟ ಮಗಳನ್ನು ತಾಯಿ ‘ಅಪ್ಪಾ’ ಎಂದು ಕರೆಯುವುದು ಅಲ್ಲಿ ತೀರಾ ಸಹಜ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು, ಮಾವನ ಹೆಸರು ಹಿಡಿದು ಕರೆಯುವುದು ಹೇಗೆಂದು ಸೊಸೆ ಆ ಮಗುವನ್ನು ಜೀವಮಾನವಿಡೀ ‘ಪುಟ್ಟಾ’ ಎಂದೇ ಕರೆಯುವ ಮನೆಗಳಿಂದ ಬಂದವರಿಗೆ ಇದು ಅಷ್ಟೇನೂ ದೂರದ ಸಂಗತಿ ಅನ್ನಿಸಲಿಕ್ಕಿಲ್ಲ.

ಹೆಸರಿನ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಉತ್ತರದ ಹಿಮನಾಡಿನ ಫೋಟೊಗಳ ಇತಿಹಾಸವನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ಹಡಗು, ಹಿಮ, ಚಳಿ, ಕರಡಿ, ಅದರ ನಡುವೆ ಗಡ್ಡದ ಮೇಲೆ ಮಂಜು ಕಟ್ಟಿಕೊಂಡು ನಿಂತ ಛಾಯಾಗ್ರಾಹಕ. ನಾನು ಈ ವಿಷಯಕ್ಕೆ ಬಂದಿದ್ದು ಬೇರೆ ಬಾಗಿಲಿನಿಂದ. ನನ್ನ ಪಿಎಚ್.ಡಿ. ಕೆಲಸ ಕರ್ನಾಟಕದ ಹಳೆಯ ಫೋಟೊಗಳ ಮೇಲೆ. ನಾನು ನೋಡುತ್ತಿರುವ ಒಂದು ಸಂಗ್ರಹದ ಪೆಟ್ಟಿಗೆಯಲ್ಲಿ ತೋಟದ ಸಾಹೇಬನ ಹೆಸರಿದೆ, ಅವನ ಕುದುರೆಯ ಹೆಸರಿದೆ, ನಾಯಿಯ ಹೆಸರೂ ಇದೆ. ಪಕ್ಕದಲ್ಲಿ ಸಾಲಾಗಿ ನಿಂತ ಏಳು ಹೆಂಗಸರ ಫೋಟೊದ ಹಿಂದೆ ಮಾತ್ರ ‘ಕೂಲಿ ಹೆಂಗಸರು’ ಎಂಬ ಎರಡು ಪದ. ಇದು ಹೊಸದೇನಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲೂ ಬಹುಪಾಲು ಮುಖಗಳ ಕೆಳಗೆ ಇರುವುದು ಜಾತಿಯ ಹೆಸರು ಇಲ್ಲವೇ ಬುಡಕಟ್ಟಿನ ಹೆಸರು. ಹೆಸರಿಲ್ಲದ ಫೋಟೊವನ್ನು ಏನು ಮಾಡಬೇಕೆಂದು ಹುಡುಕುತ್ತಾ ಹೋದಾಗ ಕೆನಡಾದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಆ ದಾರಿಯ ವಿಷಯ ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಹೆಸರು ಹೇಗೆ ಹೋಯಿತು ಎಂಬುದನ್ನು ನೋಡಬೇಕು.

ಹಿಮನಾಡೆಂದರೆ ಜಗತ್ತಿನ ಕಣ್ಣಿಗೆ ಕಟ್ಟುವ ಚಿತ್ರವನ್ನು ಅತಿ ಹೆಚ್ಚು ರೂಪಿಸಿದವರು ರಾಬರ್ಟ್ ಫ್ಲಾಹರ್ಟಿ. 1922ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ತೆರೆಕಂಡ ‘ನಾನೂಕ್ ಆಫ್ ದ ನಾರ್ತ್’ ಅವರದು. ಸಾಕ್ಷ್ಯಚಿತ್ರದ ಬಗ್ಗೆ ಯಾವ ಪಠ್ಯ ತೆರೆದರೂ ಮೊದಲ ಅಧ್ಯಾಯದಲ್ಲೇ ಸಿಗುವ ಸಿನಿಮಾ. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ರೆವಿಯೋಂ ಫ್ರೇರ್ ಎಂಬ ಫ್ರೆಂಚ್ ಕಂಪನಿ ಇದಕ್ಕೆ ಹಣ ಹಾಕಿತ್ತು. ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯ ಇನುಕ್ಜುವಾಕ್‌ನಲ್ಲಿ 1920-21ರಲ್ಲಿ ಚಿತ್ರೀಕರಣ ನಡೆಯಿತು. ಇದಕ್ಕಿಂತ ಮುಂಚೆಯೂ ಫ್ಲಾಹರ್ಟಿ ಉತ್ತರದಲ್ಲಿ ಸಾಕಷ್ಟು ಚಿತ್ರೀಕರಿಸಿದ್ದರು. 1916ರಲ್ಲಿ ಟೊರಾಂಟೊದಲ್ಲಿ ಅವರ ಸಿಗರೇಟಿನ ಕಿಡಿ ತಗುಲಿ ಸುಮಾರು 30,000 ಅಡಿ ನೆಗೆಟಿವ್ ಸುಟ್ಟುಹೋಯಿತು. ಆ ಕಾಲದ ನೈಟ್ರೇಟ್ ಫಿಲಂ ಸೀಮೆಎಣ್ಣೆಯ ಹಾಗೆ ಹೊತ್ತಿಕೊಳ್ಳುತ್ತಿತ್ತು.

‘ನಾನೂಕ್’ ಎಂದರೆ ಹಿಮಕರಡಿ. ಆ ಪಾತ್ರ ಮಾಡಿದವರ ನಿಜವಾದ ಹೆಸರು ಅಲ್ಲಾಕರಿಯಲ್ಲಾಕ್. ತೆರೆಯ ಮೇಲೆ ‘ನೈಲಾ’ ಎಂಬ ಹೆಸರಿನಲ್ಲಿ ಹೆಂಡತಿಯಾಗಿ ಕಾಣಿಸಿಕೊಂಡವರು ಮ್ಯಾಗಿ ನುಜಾರ್ಲುಕ್ಟುಕ್. ಅವರು ಅಲ್ಲಾಕರಿಯಲ್ಲಾಕ್ ಹೆಂಡತಿಯೇ ಅಲ್ಲ. ಇಗ್ಲೂ ಒಳಗೆ ಬೆಳಕು ಸಾಲುವುದಿಲ್ಲ, ಆ ದೊಡ್ಡ ಕ್ಯಾಮೆರಾ ಹಿಡಿಸುವುದೂ ಇಲ್ಲ. ಹಾಗಾಗಿ ಮಾಮೂಲಿಗಿಂತ ದೊಡ್ಡದಾಗಿ, ಅರ್ಧ ಭಾಗ ತೆರೆದಿಟ್ಟ ಇಗ್ಲೂ ಕಟ್ಟಿಸಿದರು. ಒಳಗೆ ಮನೆಯವರು ಬೆಚ್ಚಗೆ ಮಲಗಿ ಏಳುವ ದೃಶ್ಯವನ್ನು ಕೊರೆಯುವ ಗಾಳಿಗೆ ಮೈಯೊಡ್ಡಿ ನಟಿಸಿದ್ದು. ಬಂದೂಕು ಬಳಸಿ ರೂಢಿಯಾಗಿದ್ದ ಬೇಟೆಗಾರರು ಸಿನಿಮಾಕ್ಕಾಗಿ ಈಟಿ ಹಿಡಿದು ವಾಲ್ರಸ್ ಹಿಂದೆ ಬಿದ್ದರು. ಗ್ರಾಮಫೋನ್ ಏನೆಂದು ಅರಿಯದೆ ನಾನೂಕ್ ತಟ್ಟೆಯನ್ನು ಹಲ್ಲಿನಿಂದ ಕಚ್ಚಿ ನೋಡುವ ಪ್ರಸಿದ್ಧ ದೃಶ್ಯವೂ ಹೇಳಿ ಮಾಡಿಸಿದ್ದೇ. ಇನ್ನೊಂದು ಕಡೆ ನೋಡಿದರೆ ಆ ಸಿನಿಮಾದ ಕ್ಯಾಮೆರಾ ಬಿಚ್ಚಿ ಒರೆಸಿ ಜೋಡಿಸುತ್ತಿದ್ದವರು, ಫಿಲಂ ತೊಳೆಯಲು ನೀರು ತರುತ್ತಿದ್ದವರು ಇದೇ ಇನುಯಿಟ್ ಜನ. ತೆರೆಯ ಮೇಲೆ ಯಂತ್ರ ಕಂಡು ಬೆರಗಾಗುವವರು ತೆರೆಯ ಹಿಂದೆ ಅದರ ಮೆಕ್ಯಾನಿಕ್‌ಗಳಾಗಿದ್ದರು.

ಇದನ್ನೆಲ್ಲ ಮೋಸ ಎಂದು ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿನಿಮಾ ನೋಡಿದರೆ ಫ್ಲಾಹರ್ಟಿಗೆ ಆ ಜನರ ಮೇಲಿದ್ದ ಅಕ್ಕರೆ ಕಾಣುತ್ತದೆ. ಅಲ್ಲಾಕರಿಯಲ್ಲಾಕ್ ನಗುವುದನ್ನು ನೋಡಿದವರು ಮರೆಯುವುದಿಲ್ಲ. ಆದರೆ ಆ ಅಕ್ಕರೆ ಹೆಸರಿನ ತನಕ ಬರಲಿಲ್ಲ. ಚಿತ್ರ ಬಂದು ಸುಮಾರು ಎರಡು ವರ್ಷಕ್ಕೆ ಅಲ್ಲಾಕರಿಯಲ್ಲಾಕ್ ತೀರಿಕೊಂಡರು. ಬೇಟೆಗೆ ಹೋಗಿ ಹಸಿವಿನಿಂದ ಸತ್ತ ಎಂದು ಫ್ಲಾಹರ್ಟಿ ಹೇಳಿಕೊಂಡು ಬಂದರು. ಬಹುಶಃ ಕ್ಷಯ ಇರಬೇಕು ಎನ್ನುವುದು ಈಗಿನ ಅಭಿಪ್ರಾಯ. ಸಿನಿಮಾದ ನಾನೂಕ್‌ಗೆ ಕ್ಷಯದ ಸಾವು ಒಪ್ಪುತ್ತಿರಲಿಲ್ಲವೇನೋ.

ಮ್ಯಾಗಿಯವರ ಕಥೆ ಇನ್ನೂ ಉದ್ದ. ಫ್ಲಾಹರ್ಟಿ ಊರು ಬಿಟ್ಟ ಮೇಲೆ ಆಕೆ ಅವರ ಮಗನನ್ನು ಹೆತ್ತರು. ಹುಡುಗನಿಗೆ ಜೋಸೆಫಿ ಎಂದು ಹೆಸರಿಟ್ಟರು. ಅಪ್ಪ ಮಗ ಒಮ್ಮೆಯೂ ಭೇಟಿಯಾಗಲಿಲ್ಲ. 1950ರ ದಶಕದಲ್ಲಿ ಕೆನಡಾ ಸರ್ಕಾರ ಇನುಕ್ಜುವಾಕ್‌ನ ಹಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಅವರಿಗೆ ಗೊತ್ತೇ ಇರದ ಕಗ್ಗತ್ತಲ ಚಳಿಗಾಲದ ನೆಲಕ್ಕೆ ಸಾಗಿಸಿತು. ಜೋಸೆಫಿ ಕುಟುಂಬ 1955ರಲ್ಲಿ ಅವರ ಜೊತೆ ಹೋಯಿತು. ಇದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಜಗತ್ತಿನ ಚಿತ್ರಮಂದಿರಗಳಲ್ಲಿ ಜನ ಟಿಕೆಟ್ ಕೊಟ್ಟು ನೋಡಿದ ‘ನೈಲಾ’ಳ ಮಗ ಸರ್ಕಾರದ ಕಡತದಲ್ಲಿ ಸಾಗಿಸಬೇಕಾದವರ ಪಟ್ಟಿಯ ಒಂದು ಸಾಲಾಗಿದ್ದ.

ಕಡತಕ್ಕೆ ಹೆಸರಿಗಿಂತ ಅಂಕಿ ಅನುಕೂಲ. ಇನುಯಿಟ್ ಜನರಿಗೆ ಮನೆತನದ ಹೆಸರಿರಲಿಲ್ಲ, ಇದ್ದ ಒಂದೇ ಹೆಸರನ್ನು ಅಧಿಕಾರಿಗಳು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಳ್ಳುತ್ತಿದ್ದರು. ಒಂದೇ ಹೆಸರಿನ ಹೆಣ್ಣೂ ಗಂಡೂ ಇರುತ್ತಿದ್ದುದು ಅವರಿಗೆ ತಲೆನೋವು. ಹೀಗಾಗಿ 1941ರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯ ಬಿಲ್ಲೆ ಕೊಡತೊಡಗಿದರು. ಸಣ್ಣ ದುಂಡನೆಯ ಬಿಲ್ಲೆ. ಒಂದು ಕಡೆ ರಾಜಮುಕುಟ, ಇನ್ನೊಂದು ಕಡೆ ಸಂಖ್ಯೆ. ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳಲು ಒಂದು ತೂತು. ಪೂರ್ವದವರ ಸಂಖ್ಯೆಯ ಹಿಂದೆ ಇಂಗ್ಲಿಷಿನ ‘ಇ’, ಪಶ್ಚಿಮದವರದಕ್ಕೆ ‘ಡಬ್ಲ್ಯು’. ಮಗು ಹುಟ್ಟಿದರೆ ಹೊಸ ಬಿಲ್ಲೆ. ಸುಮಾರು ಮೂವತ್ತು ವರ್ಷ ಇದು ನಡೆಯಿತು. 1968ರಿಂದ ಏಬ್ ಓಕ್‌ಪಿಕ್ ಎಂಬ ಇನುಕ್ ಊರೂರು ತಿರುಗಿ, ಮನೆಮನೆಯಲ್ಲೂ ಒಂದು ಮನೆತನದ ಹೆಸರು ಆರಿಸಿಕೊಳ್ಳುವಂತೆ ಕೇಳಿ ಬರೆದುಕೊಂಡ ಮೇಲೆ ಬಿಲ್ಲೆಯ ಕಾಲ ಮುಗಿಯುತ್ತಾ ಬಂತು. ನಾಯಿಗೆ ಕಟ್ಟುವ ಬಿಲ್ಲೆಯ ಹಾಗೆ ಎಂದು ಕೊರಗಿದವರಿದ್ದಾರೆ. ಅಷ್ಟೇನೂ ಬೇಸರವಿಲ್ಲದೆ ಈಗಲೂ ತಮ್ಮ ಸಂಖ್ಯೆಯನ್ನು ಬಾಯಿಪಾಠ ಹೇಳುವ ಹಿರಿಯರೂ ಇದ್ದಾರೆ.

ಈ ಬಿಲ್ಲೆ ಕಾಣುವ ಒಂದು ಫೋಟೊ ಇದೆ. ತೆಗೆದವರು ರಿಚರ್ಡ್ ಹ್ಯಾರಿಂಗ್ಟನ್. 1911ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಬಂದವರು. ಮೊದಲು ಎಕ್ಸ್‌ರೇ ತಂತ್ರಜ್ಞನ ಕೆಲಸ ಮಾಡಿ ಆಮೇಲೆ ಕ್ಯಾಮೆರಾ ಹಿಡಿದರು. 1940ರ ದಶಕದ ಕೊನೆಯಿಂದ ಮತ್ತೆ ಮತ್ತೆ ಉತ್ತರಕ್ಕೆ ಹೋದರು. ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಸಾವಿರಾರು ಕಿಲೋಮೀಟರ್ ತಿರುಗಿದರು. 1950ರ ಚಳಿಗಾಲದಲ್ಲಿ ಹಡ್ಸನ್ ಕೊಲ್ಲಿಯ ಪಶ್ಚಿಮಕ್ಕೆ, ಒಳನಾಡಿನ ಪಾಡ್ಲೇ ಎಂಬಲ್ಲಿಗೆ ಹೋದಾಗ ಅಲ್ಲಿ ಬರ ಬಿದ್ದಿತ್ತು. ಮಳೆ ಕೈಕೊಟ್ಟು ಬರುವ ನಮ್ಮ ಬರದಂಥದಲ್ಲ ಅದು. ಆ ಜನರ ಬದುಕು ನಿಂತಿದ್ದು ಕ್ಯಾರಿಬೂ ಎಂಬ ಹಿಮಸಾರಂಗಗಳ ಮೇಲೆ. ಮಾಂಸವೂ ಅದರದ್ದೇ, ಬಟ್ಟೆಯೂ ಅದರದ್ದೇ, ಹಾಸಿಗೆಯೂ ಅದರದ್ದೇ. ಹಿಂಡು ಪ್ರತಿವರ್ಷ ಹಾದುಹೋಗುವ ದಾರಿ ಬದಲಿಸಿದರೆ ಮುಗಿಯಿತು. ಆ ವರ್ಷ ಹಿಂಡು ಬರಲಿಲ್ಲ. ನಾಯಿಗಳು ಸತ್ತವು. ನಾಯಿ ಸತ್ತರೆ ಬೇರೆಡೆ ಬೇಟೆಗೆ ಹೋಗಲೂ ದಾರಿಯಿಲ್ಲ.

ಹ್ಯಾರಿಂಗ್ಟನ್ ತಮ್ಮಲ್ಲಿದ್ದ ಆಹಾರ ಹಂಚಿದರು, ದಿನಚರಿ ಬರೆದರು, ಫೋಟೊ ತೆಗೆದರು. ಸಾವಿನಂಚಿನಲ್ಲಿದ್ದ ಒಬ್ಬ ಹೆಂಗಸಿನ ಫೋಟೊದ ಅಡಿಬರಹದಲ್ಲಿ ಸರ್ಕಾರದ ಗುರುತಿನ ಬಿಲ್ಲೆಯನ್ನು ಗಮನಿಸಿ ಎಂಬ ಸೂಚನೆ ಇದೆ. ಅದು ವ್ಯಂಗ್ಯವೋ ಆಕ್ರೋಶವೋ ಬರೀ ಮಾಹಿತಿಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಕ್ರೋಶ ಎಂದೇ ಓದಲು ನನಗಿಷ್ಟ. ಸರ್ಕಾರಕ್ಕೆ ಆಕೆ ಇರುವುದು ಗೊತ್ತಿತ್ತು, ಸಂಖ್ಯೆಯನ್ನೂ ಕೊಟ್ಟಿತ್ತು, ಊಟ ಮಾತ್ರ ತಲುಪಲಿಲ್ಲ.

ಅದೇ ಪಾಡ್ಲೇಯಲ್ಲಿ ತೆಗೆದ ಇನ್ನೊಂದು ಫೋಟೊ ನೀವೂ ಎಲ್ಲೋ ನೋಡಿರಬಹುದು. ತಾಯಿ ತನ್ನ ಪುಟ್ಟ ಮಗನ ಮೂಗಿಗೆ ಮೂಗು ತಾಗಿಸಿ ಮುದ್ದು ಮಾಡುತ್ತಿದ್ದಾಳೆ. ಇಬ್ಬರ ಕಣ್ಣೂ ಮುಚ್ಚಿದಂತಿವೆ. ಹಸಿವಿನ ಚಿತ್ರ ಎಂದು ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಹ್ಯಾರಿಂಗ್ಟನ್ ಅವರ ಕೆಲಸ 1955ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಸ್ಟೈಕನ್ ಏರ್ಪಡಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನಕ್ಕೂ ಹೋಯಿತು. ಮನುಷ್ಯರೆಲ್ಲ ಒಂದೇ ಕುಟುಂಬ ಎಂದು ಸಾರಿದ ಆ ಪ್ರದರ್ಶನದಲ್ಲಿ ಚಿತ್ರಗಳ ಜೊತೆ ಹಾಕಿದ್ದು ದೇಶದ ಹೆಸರು ಮತ್ತು ಛಾಯಾಗ್ರಾಹಕರ ಹೆಸರು. ಕುಟುಂಬದವರ ಹೆಸರು ಯಾರೂ ಕೇಳಲಿಲ್ಲ.

ಈಗ ಪಿಟ್ಸಿಯೊಲಾಕ್ ಕಡೆಗೆ ಮರಳೋಣ. ಹುಡುಗನಾಗಿದ್ದಾಗ ಅವರು ಫ್ಲಾಹರ್ಟಿಯನ್ನು ಕಂಡಿದ್ದರು. ನಾನೂಕ್ ಸಿನಿಮಾಕ್ಕೂ ಮುಂಚೆ ಫ್ಲಾಹರ್ಟಿ ಬಾಫಿನ್ ದ್ವೀಪದಲ್ಲಿ ಒಂದು ಚಳಿಗಾಲ ಕಳೆದಿದ್ದ ಕಾಲ ಅದು. ಫೋಟೊದ ಆಸೆ ಹತ್ತಿದ್ದು ಆಗ. ಸ್ವಂತ ಕ್ಯಾಮೆರಾ ಕೈಗೆ ಬಂದಿದ್ದು 1940ರ ದಶಕದ ಆರಂಭದಲ್ಲಿ, ಒಬ್ಬ ಕ್ಯಾಥೊಲಿಕ್ ಪಾದ್ರಿಯಿಂದ. ಆಗವರಿಗೆ ನಲವತ್ತರ ಆಸುಪಾಸು.

ಹಿಮನಾಡಿನಲ್ಲಿ ಫಿಲಂ ಕ್ಯಾಮೆರಾ ಬಳಸುವುದೆಂದರೆ ಏನೆಂದು ಈಗಿನ ಮೊಬೈಲ್ ಕಾಲದಲ್ಲಿ ಊಹಿಸುವುದು ಕಷ್ಟ. ಚಳಿಗೆ ಶಟರ್‌ನ ಎಣ್ಣೆ ಗಟ್ಟಿಯಾಗಿ ಅದು ಅರ್ಧಕ್ಕೇ ನಿಲ್ಲುತ್ತದೆ. ಫಿಲಂ ಒಣಗಿದ ಎಲೆಯ ಹಾಗೆ ಪಟ್ಟನೆ ಮುರಿಯುತ್ತದೆ. ಒಣಗಾಳಿಯಲ್ಲಿ ಜೋರಾಗಿ ಫಿಲಂ ಸುತ್ತಿದರೆ ಹುಟ್ಟುವ ಸಣ್ಣ ವಿದ್ಯುತ್ ಕಿಡಿ ನೆಗೆಟಿವ್ ಮೇಲೆ ಮಿಂಚಿನ ಬಳ್ಳಿಯಂತೆ ಮೂಡಿಬಿಡುತ್ತದೆ. ತಣ್ಣನೆಯ ಕ್ಯಾಮೆರಾವನ್ನು ಬೆಚ್ಚಗಿನ ಕಡೆ ತಂದರೆ ಮಸೂರದ ಮೇಲೆ ನೀರು ಕಟ್ಟುತ್ತದೆ, ಮತ್ತೆ ಹೊರಗೆ ಒಯ್ದರೆ ಆ ನೀರೇ ಮಂಜುಗಡ್ಡೆ. ಇನ್ನು ಬೆಳಕು. ಕೇಪ್ ಡಾರ್ಸೆಟ್ ಇರುವುದು ಸುಮಾರು 64 ಡಿಗ್ರಿ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ತುಸು ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ಪೂರ್ತಿ ಮಾಯವಾಗುವುದಿಲ್ಲ, ಕೆಲವೇ ಗಂಟೆ ಮುಖ ತೋರಿಸಿ ಹೋಗುತ್ತಾನೆ. ವಸಂತದಲ್ಲಿ ಇದಕ್ಕೆ ತದ್ವಿರುದ್ಧ: ನೆಲವೆಲ್ಲ ಕನ್ನಡಿಯಾಗಿ ಬೆಳಕು ಕೆಳಗಿನಿಂದಲೂ ಕಣ್ಣು ಕುಕ್ಕುತ್ತದೆ. ಹಿಮಕ್ಕೆ ಸರಿಹೊಂದಿಸಿದರೆ ಮುಖ ಕಪ್ಪು, ಮುಖಕ್ಕೆ ಸರಿಹೊಂದಿಸಿದರೆ ಹಿಮವೆಲ್ಲ ಬರೀ ಬಿಳಿ ಕಾಗದ. ಪಿಟ್ಸಿಯೊಲಾಕ್ ಹಳೆಯ ತಂಪುಕನ್ನಡಕದ ಗಾಜನ್ನು ತೆಗೆದು ಮಸೂರಕ್ಕೆ ಫಿಲ್ಟರ್ ಮಾಡಿಕೊಂಡರು.

ಫೋಟೊ ತೊಳೆದಿದ್ದು ಇಗ್ಲೂ ಒಳಗೆ. ಡಾರ್ಕ್‌ರೂಮಿನ ಕೆಂಪು ದೀಪಕ್ಕೆ ಮೂರು ಸೆಲ್ಲಿನ ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿದರು. ಜೊತೆಗಿದ್ದವರು ಹೆಂಡತಿ ಅಗ್ಗಿಯೋಕ್. ಫಿಲಂ ತೊಳೆಯುವ ದ್ರಾವಣ ಸರಿಯಾಗಿ ಕೆಲಸ ಮಾಡಲು ಸುಮಾರು 20 ಡಿಗ್ರಿ ಬಿಸಿ ಬೇಕು. ಇಗ್ಲೂ ಅಷ್ಟು ಬಿಸಿಯಾದರೆ ಮನೆಯೇ ಕರಗುತ್ತದೆ. ನೀರು ಬೇಕೆಂದರೆ ಮೊದಲು ಹಿಮ ಕರಗಿಸಬೇಕು. ಇಂಥ ಜಾಗದಲ್ಲಿ ಅವರಿಬ್ಬರೂ ಕತ್ತಲೆಯಲ್ಲಿ ಕೂತು ತಟ್ಟೆ ಅಲ್ಲಾಡಿಸುತ್ತಿದ್ದರೆಂದರೆ ಅದು ಹವ್ಯಾಸಕ್ಕಿಂತ ದೊಡ್ಡ ಹಟ. ಪೀಟರ್ ಪಿಟ್ಸಿಯೊಲಾಕ್ ಹೆಸರಿನಲ್ಲಿರುವ ಚಿತ್ರಗಳು ಇಬ್ಬರ ದುಡಿಮೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಆದರೂ ನಾನು ಸೇರಿದಂತೆ ಎಲ್ಲರೂ ಬರೆಯುವಾಗ ಅಗ್ಗಿಯೋಕ್ ಹೆಸರು ಎರಡನೆಯ ವಾಕ್ಯಕ್ಕೆ ಜಾರುತ್ತದೆ.

ಹೊರಗಿನಿಂದ ಬರುವ ಸಾಮಾನಿಗೆಲ್ಲ ನೆಚ್ಚಿಕೊಂಡಿದ್ದು ವರ್ಷಕ್ಕೊಮ್ಮೆ ಬರುವ ಹಡಗನ್ನು. ಹಡ್ಸನ್ಸ್ ಬೇ ಕಂಪನಿಯ ‘ನಾಸ್ಕೋಪಿ’ ಬೇಸಿಗೆಯಲ್ಲಿ ಒಮ್ಮೆ ಬಂದು ಹಿಟ್ಟು, ಚಹಾ, ಗುಂಡು ಇಳಿಸಿ ನರಿಯ ತುಪ್ಪಳ ತುಂಬಿಕೊಂಡು ಹೋಗುತ್ತಿತ್ತು. ಅದು 1947ರ ಜುಲೈನಲ್ಲಿ ಕೇಪ್ ಡಾರ್ಸೆಟ್ ಹತ್ತಿರವೇ ಬಂಡೆಗೆ ಬಡಿದು ಮುಳುಗಿತು. ಊರಿನವರು ಹಡಗಿನ ಮರಮಟ್ಟು, ಸಾಮಾನುಗಳನ್ನು ಹೊತ್ತು ತಂದರು. ಮರವೇ ಬೆಳೆಯದ ನೆಲದಲ್ಲಿ ಹಡಗಿನ ಹಲಗೆಯೆಂದರೆ ಸಣ್ಣ ಸಂಪತ್ತಲ್ಲ.

ಅವರು ಏನನ್ನು ತೆಗೆದರು? ಸೀಲ್ ಬೇಟೆ, ವಾಲ್ರಸ್, ಇಗ್ಲೂ ಕಟ್ಟುವುದು, ದೋಣಿ, ನಾಯಿಗಳು. ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರು. ಹೊರಗಿನವರ ಫೋಟೊಗಳಲ್ಲಿ ಕಣ್ಣು ಹಾಯುವಷ್ಟು ದೂರ ಬೆಳ್ಳಗಿನ ಬಯಲು, ಮಧ್ಯೆ ಚುಕ್ಕೆಯಂತೆ ಒಂದು ಜಾರುಬಂಡಿ ಇರುತ್ತದೆ. ಪಿಟ್ಸಿಯೊಲಾಕ್ ತೆಗೆದವುಗಳಲ್ಲಿ ನಾನು ನೋಡಿದವು ಹೆಚ್ಚಿನವು ಹತ್ತಿರದಿಂದ ತೆಗೆದವು. ತಾಯಂದಿರು, ಮಕ್ಕಳು, ಸಾಲಾಗಿ ನಿಂತ ಮನೆಮಂದಿ. ಹಿಮ ಇದೆ, ಆದರೆ ಅಂಗಳ ಇರುವ ಹಾಗೆ ಇದೆ. ಅವರಿಗೆ ಅದು ಖಾಲಿ ಬಯಲಲ್ಲ. ಪ್ರತಿ ಕೊಲ್ಲಿಗೂ ಪ್ರತಿ ಗುಡ್ಡಕ್ಕೂ ಹೆಸರಿತ್ತು.

ಅವರನ್ನು ‘ಒಳಗಿನವರ ಮುಗ್ಧ ಕಣ್ಣು’ ಎಂದು ಹೊಗಳುವುದೂ ತಪ್ಪಾದೀತು. ಪಿಟ್ಸಿಯೊಲಾಕ್ ಒಂದು ಪಾಳಯದ ಯಜಮಾನ. ಅಣ್ಣ ಪೂಟೂಗೂಕ್ ಆ ಸೀಮೆಗೇ ದೊಡ್ಡ ಮುಖಂಡ, ಬಿಳಿಯರು ಎಸ್ಕಿಮೊ ರಾಜ ಎನ್ನುತ್ತಿದ್ದ ಮನುಷ್ಯ. ಯಜಮಾನ ಕ್ಯಾಮೆರಾ ಹಿಡಿದು ನಿಲ್ಲಲು ಹೇಳಿದರೆ ಬೇಡ ಎನ್ನುವವರು ಯಾರು? ಹಳೆಯ ಕಾಲದ ಉಡುಪು ಹಾಕಿಸಿ, ಹಳೆಯ ಕೆಲಸಗಳನ್ನು ಮಾಡಿಸಿ ತೆಗೆದ ಚಿತ್ರಗಳೂ ಅವರಲ್ಲಿವೆ. ಹಾಗೆ ನೋಡಿದರೆ ಫ್ಲಾಹರ್ಟಿ ಮಾಡಿದ್ದೂ ಅದೇ. ವ್ಯತ್ಯಾಸ ಎಲ್ಲಿದೆ ಎಂದು ನನ್ನ ಮಾರ್ಗದರ್ಶಕರು ಕೇಳಿದಾಗ ಥಟ್ಟನೆ ಉತ್ತರ ಹೊಳೆದಿರಲಿಲ್ಲ. ಈಗ ಹೀಗೆ ಹೇಳುತ್ತೇನೆ: ಫ್ಲಾಹರ್ಟಿ ಇದು ಇಂದಿನ ಬದುಕು ಎಂದು ಹೇಳಿ ಅಪರಿಚಿತರಿಗೆ ತೋರಿಸಿದರು. ಪಿಟ್ಸಿಯೊಲಾಕ್ ಇದು ಹಿಂದೆ ಹೀಗಿತ್ತು ಎಂದು ತಿಳಿದೇ ತಮ್ಮ ಮೊಮ್ಮಕ್ಕಳಿಗಾಗಿ ತೆಗೆದರು. ಹಳೆಯ ಬದುಕು ಮುಗಿಯುತ್ತಿದೆ ಎಂಬುದು ಅವರಿಗೆ ಸ್ಪಷ್ಟವಿತ್ತು. 1946ರ ಹೊತ್ತಿಗೆ ಅವರೇ ಮರದ ಮನೆಗೆ ಬಂದಿದ್ದರು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಎದುರು ನಿಂತ ಪ್ರತಿಯೊಬ್ಬರ ಹೆಸರೂ, ಆ ಹೆಸರು ಯಾರಿಂದ ಬಂತು ಎಂಬುದೂ ಗೊತ್ತಿತ್ತು.

ಅವರು ಬರೆದಿಟ್ಟರು ಕೂಡ. ದಿನಚರಿ ಇಟ್ಟರು, ಕೊನೆಗಾಲದಲ್ಲಿ ತಮ್ಮ ಜನರ ಕಥೆ ಬರೆದರು. ಬರೆದಿದ್ದು ಇನುಯಿಟ್ ಭಾಷೆಯ ಅಕ್ಷರಗಳಲ್ಲಿ. ಈ ಲಿಪಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದೇ ಗುರುತನ್ನು ಒಂದು ಕಡೆ ತಿರುಗಿಸಿದರೆ ‘ಪಿ’, ಇನ್ನೊಂದು ಕಡೆ ತಿರುಗಿಸಿದರೆ ‘ಪು’, ಮತ್ತೊಂದು ಕಡೆಗೆ ‘ಪ’. ಗುಣಿತವನ್ನು ಕೊಂಬು, ಗುಡಿಸುಗಳಿಲ್ಲದೆ ಬರೀ ತಿರುಗಿಸಿಯೇ ಮಾಡಿದಂತೆ. 19ನೇ ಶತಮಾನದಲ್ಲಿ ಕ್ರೀ ಜನರಿಗಾಗಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ರೂಪಿಸಿದ ಲಿಪಿ ಇದರ ಮೂಲ. ಅದರ ಹಿಂದೆ ಪಿಟ್‌ಮನ್ ಶೀಘ್ರಲಿಪಿಯ ಜೊತೆ ದೇವನಾಗರಿಯ ಪ್ರಭಾವವೂ ಇದೆ ಎನ್ನುತ್ತಾರೆ ಲಿಪಿ ಬಲ್ಲವರು. ಕಾಗುಣಿತ ತಿದ್ದಿ ಬೆಳೆದ ನನಗೆ ಆ ಅಕ್ಷರಗಳು ಎರಡು ಸಂಜೆಯಲ್ಲಿ ಹಿಡಿತಕ್ಕೆ ಬಂದವು. ಭಾಷೆ ಒಂದು ಮಾತೂ ಬರದಿದ್ದರೂ ಒಂದೊಂದೇ ಅಕ್ಷರ ಕೂಡಿಸಿ ‘ಪಿಟ್ಸಿಯೊಲಾಕ್’ ಎಂದು ಓದಿದಾಗ ಆದ ಖುಷಿಯನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ, ಇಲ್ಲಿ ಬರೆಯುತ್ತೇನೆ.

ಆ ಬರಹ ಡೊರೊಥಿ ಹಾರ್ಲಿ ಈಬರ್ ಅವರ ಜೊತೆಗೂಡಿ ‘ಪೀಪಲ್ ಫ್ರಮ್ ಅವರ್ ಸೈಡ್’ ಎಂಬ ಪುಸ್ತಕವಾಗಿ 1975ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ ಬಂತು. ಅವರು ಬಿಟ್ಟುಹೋದ 1,500ಕ್ಕೂ ಹೆಚ್ಚು ನೆಗೆಟಿವ್‌ಗಳು ಅಗ್ಗಿಯೋಕ್ ಅವರಿಂದ ಕೆನಡಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದವು.

ಇನ್ನು ಹೊರಗಿನವರು ತೆಗೆದ ಸಾವಿರಾರು ಫೋಟೊಗಳು? ಅವು ಒಟ್ಟಾವದ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಎಸ್ಕಿಮೊ ಹೆಂಗಸು’, ‘ಎಸ್ಕಿಮೊ ಮಕ್ಕಳು’ ಎಂಬಂಥ ಅಡಿಬರಹ ಹೊತ್ತು ಪೆಟ್ಟಿಗೆಗಳಲ್ಲಿ ಮಲಗಿದ್ದವು. 1999ರಲ್ಲಿ ನುನಾವುತ್ ಎಂಬ ಇನುಯಿಟ್ ಬಹುಸಂಖ್ಯಾತರ ಆಡಳಿತ ಪ್ರದೇಶ ಹುಟ್ಟಿತು. ಅಲ್ಲಿನ ಹುಡುಗ ಹುಡುಗಿಯರು ಓದಲು ಬರುವ, ಒಟ್ಟಾವದಲ್ಲಿರುವ ನುನಾವುತ್ ಸಿವುನಿಕ್ಸಾವುತ್ ಎಂಬ ಕಾಲೇಜಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾಲೇಜು, ಪತ್ರಾಗಾರ ಮತ್ತು ನುನಾವುತ್ ಸರ್ಕಾರ ಸೇರಿ ‘ಪ್ರಾಜೆಕ್ಟ್ ನೇಮಿಂಗ್’ ಎಂಬ ಕೆಲಸ ಶುರು ಮಾಡಿದವು. ವಿಧಾನ ಬಹಳ ಸರಳ. ಮೊದಲಿಗೆ ಹ್ಯಾರಿಂಗ್ಟನ್ ಅವರ ಸುಮಾರು 500 ಫೋಟೊಗಳನ್ನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿದರು. ವಿದ್ಯಾರ್ಥಿಗಳು ಅದನ್ನು ತಮ್ಮ ಊರುಗಳಿಗೆ ಒಯ್ದು ಅಜ್ಜ ಅಜ್ಜಿಯರ ಮುಂದೆ ತೆರೆದಿಟ್ಟು, ಇವರು ಯಾರು ಎಂದು ಕೇಳಿದರು. ಅಷ್ಟೇ.

ಎಷ್ಟೋ ಫೋಟೊಗಳಿಗೆ ಹೆಸರು ಬಂತು. ಐವತ್ತು ವರ್ಷದ ನಂತರ ತನ್ನದೇ ಬಾಲ್ಯದ ಮುಖವನ್ನು ಪರದೆಯ ಮೇಲೆ ಮೊದಲ ಸಲ ನೋಡಿದವರಿದ್ದರು. ಯಾರೋ ತೆಗೆದುಕೊಂಡು ಹೋದ ಫೋಟೊವನ್ನು ತೆಗೆಸಿಕೊಂಡವರು ನೋಡೇ ಇರಲಿಲ್ಲ. ಮೂಗಿಗೆ ಮೂಗು ತಾಗಿಸಿ ಮುದ್ದಾಡುವ ಆ ತಾಯಿಯ ಹೆಸರು ಕೀನಾಕ್, ಮಗ ಕೀಪ್ಸೀಯುಕ್ ಎಂದು ಪತ್ರಾಗಾರದ ದಾಖಲೆ ಈಗ ಹೇಳುತ್ತದೆ. 2020ರಲ್ಲಿ ಕೇಪ್ ಡಾರ್ಸೆಟ್ ಕೂಡ ತನ್ನ ಹಳೆಯ ಹೆಸರಿಗೆ, ಕಿಂಗಾಯ್ತ್‌ಗೆ, ಅಧಿಕೃತವಾಗಿ ಮರಳಿತು. ಗುಡ್ಡಗಳು ಎಂದು ಅದರ ಅರ್ಥ.

ಒಂದು ಸಣ್ಣ ತಾಂತ್ರಿಕ ಸಂಗತಿ ನನ್ನನ್ನು ಬಹಳ ಕಾಡಿದೆ. ಪತ್ರಾಗಾರದವರು ಹಳೆಯ ಅಡಿಬರಹವನ್ನು ಅಳಿಸುವುದಿಲ್ಲ. ಅದೂ ಇತಿಹಾಸವೇ ಎಂಬ ಕಾರಣಕ್ಕೆ ಹಾಗೇ ಉಳಿಸಿ, ಆಮೇಲೆ ತಿಳಿದುಬಂದ ಹೆಸರನ್ನು ಚೌಕ ಕಂಸದೊಳಗೆ ಸೇರಿಸುತ್ತಾರೆ. ನಿಯಮ ಸರಿಯಾಗಿಯೇ ಇದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದಾಗ ಗುರುತು ಬೇಕು. ಆದರೂ ಮನುಷ್ಯರ ಹೆಸರು ಕಂಸದೊಳಗೆ, ‘ಎಸ್ಕಿಮೊ ಹೆಂಗಸು’ ಎಂಬುದು ಹೊರಗೆ ಇರುವುದನ್ನು ನೋಡುವಾಗ ಕೈ ತಡೆಯುತ್ತದೆ.

ಕಳೆದ ಬೇಸಿಗೆಯಲ್ಲಿ ನಾನೂ ಆ ‘ಕೂಲಿ ಹೆಂಗಸರು’ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಆ ತೋಟದ ಹತ್ತಿರದ ಹಳ್ಳಿಗೆ ಹೋಗಿದ್ದೆ. ಮೂರು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ಮನೆಯ ಅಜ್ಜಿ ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದರು. ಎಡಗಡೆಯಿಂದ ಮೂರನೆಯವರ ಮೇಲೆ ಬೆರಳಿಟ್ಟು, ‘ಇದು ನಮ್ಮತ್ತೆ ಕಣವ್ವ’ ಎಂದರು. ಹೆಸರು ಏನಜ್ಜಿ ಎಂದು ಕೇಳಿದೆ. ಅತ್ತೆಯ ಹೆಸರನ್ನು ತಾನು ಹೇಗೆ ಹೇಳುವುದೆಂದು ನಕ್ಕು, ಮೊಮ್ಮಗನನ್ನು ಕರೆದು ಹೇಳಿಸಿದರು.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಮನೆಯವರನ್ನು ಕೇಳಿಲ್ಲ. ನನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ, ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ, ಕಂಸವಿಲ್ಲದೆ. ಇನ್ನೂ ಆರು ಜನ ಇದ್ದಾರೆ.